ಬೀರು ಸೇರಿದ ಚೀಲ

ಮಳೆ ನಿಂತು ಬೀದಿಯೆಲ್ಲ ಒಣಗಿದ್ದರೂ ಟೈಲರಮ್ಮನ ಅಂಗಡಿಯೊಳಗೆ ಇನ್ನೂ ಚರಂಡಿ ನೀರು ನಿಂತಿತ್ತು. ಮದುವೆ ಹುಡುಗಿಯೊಬ್ಬಳ ಬಟ್ಟೆ ಹೊಲಿದು, ಇಸ್ತ್ರಿ ಮಾಡಿ, ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದರು. ಅದು ನೆನೆದು ಮುದ್ದೆಯಾಗಿತ್ತು. ಹುಡುಗಿಯ ತಾಯಿ ಬಂದು ನೋಡಿ, ಒಂದು ಮಾತೂ ಆಡದೆ ಹೊರಟುಹೋದರು. ನಾಲ್ಕು ಮಾತು ಬೈದಿದ್ದರೂ ಟೈಲರಮ್ಮನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ಅಂಗಡಿ ಮುಚ್ಚಿಬಿಡೋಣ ಕಣೇ," ಎಂದರು ಅವರ ಯಜಮಾನರು. "ಇನ್ಮೇಲೆ ಯಾರು ನಂಬಿ ಬಟ್ಟೆ ಕೊಡ್ತಾರೆ?"

"ಮುಚ್ಚೋದಾ? ಕಣ್ಣು ಸವೆಸಿ ಕಟ್ಟಿದ ಅಂಗಡಿ ರೀ ಇದು! ಮೊದಲು ಆ ಚರಂಡಿಗೇನಾಗಿದೆ ನೋಡೋಣ ಬನ್ನಿ."

ಚರಂಡಿಯ ಜಾಲರಿ ಎತ್ತಿ ಕೋಲು ಹಾಕಿ ಎಳೆದರೆ ಬಂದದ್ದೆಲ್ಲ ಪ್ಲಾಸ್ಟಿಕ್ ಕವರು. ತರಕಾರಿ ತಂದ ಕವರು, ಹಾಲು ತಂದ ಕವರು, ಸೋಪು ತಂದ ಕವರು. ಈ ಬೀದಿಯವರೇ ತಂದು, ಈ ಬೀದಿಯವರೇ ಬಿಸಾಡಿದ್ದು. ಟೈಲರಮ್ಮ ಅವತ್ತೇ ಟೊಂಕ ಕಟ್ಟಿ ನಿಂತರು.

ಹೊಲಿಗೆ ಅಂಗಡಿಯಲ್ಲಿ ತುಂಡು ಬಟ್ಟೆಗೇನು ಬರ? ಮೂಲೆಯಲ್ಲಿ ಬಿದ್ದಿದ್ದ ತುಂಡುಗಳನ್ನೇ ಜೋಡಿಸಿ, ಒಳಗೆ ಲೈನಿಂಗ್ ಹಾಕಿ, ಅಂಚಿಗೆ ಪೈಪಿಂಗ್ ಕೊಟ್ಟು, ಹಿಡಿಗೆ ಗಟ್ಟಿ ಹೊಲಿಗೆ ಹಾಕಿ, ಮನೆಗೊಂದರಂತೆ ಚೀಲ ಹೊಲಿದು ಹಂಚಿದರು.

ಮೂಗು ಮುರಿದದ್ದು ಅವರ ನಾದಿನಿ. ನಾಲ್ಕು ಮನೆ ಆಚೆ ಇದ್ದ ಈಕೆಗೆ ಆಫೀಸಿನಲ್ಲಿ ಕೆಲಸ. ತಲೆಯ ಕ್ಲಿಪ್ಪಿನಿಂದ ಹಿಡಿದು ಚಪ್ಪಲಿಯವರೆಗೆ ಒಂದೇ ಬಣ್ಣ ಇರಬೇಕು. ಬೀದಿಯವರು ಮ್ಯಾಚಿಂಗ್ ರಾಣಿ ಎಂದು ಆಡಿಕೊಂಡರೆ ಅವಳು ಅದನ್ನು ಬಿರುದು ಎಂದೇ ತಿಳಿದಿದ್ದಳು.

"ಬಟ್ಟೆ ಚೀಲ ಹಿಡ್ಕೊಂಡು ಆಫೀಸಿಗೆ ಹೋಗ್ಲಾ ಅತ್ತಿಗೆ? ಹಿಟ್ಟಿನ ಗಿರಣಿಗೆ ಹೊರಟ್ಯಾ ಅಂತ ಕೇಳ್ತಾರೆ."

"ಮೊದಲು ನೋಡೇ ತಾಯಿ, ಆಮೇಲೆ ಮಾತಾಡು."

ಅವಳದೇ ನೀಲಿ ಡ್ರೆಸ್ಸು ಹೊಲಿದು ಉಳಿದ ಬಟ್ಟೆ, ಅದಕ್ಕೆ ಬಿಳಿ ಪೈಪಿಂಗು. ಮಡಿಸಿ ಒಳಜೇಬಿಗೆ ಸೇರಿಸಿದರೆ ಅಂಗೈಯಷ್ಟಾಗುತ್ತಿತ್ತು. ನಾದಿನಿ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ಬೀದಿಯಲ್ಲೆಲ್ಲ ಇದೇ ಕಥೆ, ಹೊಗಳಿದ್ದೇ ಹೊಗಳಿದ್ದು. ಗೆದ್ದೆ ಎಂದುಕೊಂಡರು ಟೈಲರಮ್ಮ.

ಮುಂದಿನ ಮಳೆಗೆ ಚರಂಡಿ ಮತ್ತೆ ಕಟ್ಟಿಕೊಂಡಿತು. ನೀರು ಹೊಸ್ತಿಲ ತನಕ ಬಂದು ನಿಂತಿತು. ಯಜಮಾನರು ಬಾಗಿಲ ಬೀಗದ ಕಡೆ ನೋಡಿದರು. ಟೈಲರಮ್ಮನಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಜಾಲರಿ ಎತ್ತಿದರೆ ಮತ್ತದೇ ಕವರುಗಳು. ನೇರ ನಾದಿನಿಯ ಮನೆಗೆ ನಡೆದರು.

"ಎಲ್ಲೇ ನಾನು ಕೊಟ್ಟ ಚೀಲ?"

"ಭದ್ರವಾಗಿದೆ ಅತ್ತಿಗೆ, ಬನ್ನಿ ತೋರಿಸ್ತೀನಿ."

ನಾದಿನಿ ಬೀರು ತೆರೆದಳು. ಒಳ್ಳೆಯ ಬಟ್ಟೆಗಳ ನಡುವೆ ಚೀಲ ಹಾಕಿದ ಮಡಿಕೆಯಲ್ಲೇ ಇತ್ತು. ಧೂಳು ಕೂರಬಾರದೆಂದು ಅದನ್ನೊಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಟ್ಟಿದ್ದಳು!

ಟೈಲರಮ್ಮ ಹಣೆ ಚಚ್ಚಿಕೊಂಡರು. "ಕವರಲ್ಲಿ ಇಡೋಕೆ ಹೊಲಿದುಕೊಟ್ನೇನೇ?"

"ಇಷ್ಟು ಚೆಂದದ ಚೀಲಕ್ಕೆ ಮಣ್ಣು ಮೆತ್ತಿದ ಆಲೂಗಡ್ಡೆ ಹಾಕೋಕೆ ಮನಸ್ಸೇ ಬರಲ್ಲ ಅತ್ತಿಗೆ. ಪಕ್ಕದ ಮನೆ ಅಕ್ಕನೂ ಎತ್ತಿಟ್ಟಿದ್ದಾರೆ, ಬೇಕಾದ್ರೆ ಕೇಳಿ. ಹೋಗ್ಲಿ, ನಿಮ್ಮದೆಲ್ಲಿ?"

ಟೈಲರಮ್ಮನ ಚೀಲ ಅಂಗಡಿಯ ಗಾಜಿನ ಹಿಂದೆ ಮಾದರಿಗೆಂದು ನೇತಾಡುತ್ತಿತ್ತು. ಬೆಳಿಗ್ಗೆ ತಂದ ಟೊಮೆಟೊ ಮೆಷಿನ್ನಿನ ಪಕ್ಕ ಕವರಿನಲ್ಲೇ ಕೂತಿತ್ತು. ನಾಚಿಕೆಯಿಂದ ಅವರ ಮುಖ ಚಿಕ್ಕದಾಯಿತು.

ಆದರೆ ನಾಚಿಕೊಂಡು ಮನೆ ಸೇರುವ ಹೆಂಗಸಲ್ಲ ಅವರು. "ನಿನ್ನ ಚೀಲ ತಗೊಂಡು ಬಾರೇ!" ಎಂದು ನಾದಿನಿಯನ್ನು ಎಳೆದುಕೊಂಡು ಹೊರಟರು. ಗಾಜಿನ ಹಿಂದಿನ ತಮ್ಮ ಹಳದಿ ಚೀಲ ತೆಗೆದುಕೊಂಡು ತರಕಾರಿ ಗಾಡಿಯ ಮುಂದೆ ನಿಂತರು.

"ಅಣ್ಣಾ, ಜಾಸ್ತಿ ಮಣ್ಣಿರೋ ಆಲೂಗಡ್ಡೆ ಕೊಡಿ."

ತರಕಾರಿಯವರು ಕಕ್ಕಾಬಿಕ್ಕಿಯಾದರು. "ಎಲ್ಲರೂ ಮಣ್ಣು ಉದುರಿಸಿ ಕೊಡಿ ಅಂತಾರೆ. ನಿಮಗೇನಾಯ್ತಮ್ಮ?"

"ಚೀಲದ ದೊಡ್ಡಸ್ತಿಕೆ ಇಳಿಸಬೇಕು. ಹಾಕಿ."

ಹಳದಿ ಚೀಲದ ತಳದಲ್ಲಿ ಕಂದು ಕಲೆ ಮೂಡಿತು. ನಾದಿನಿ ನೋಡಲಾರದೆ ಕಣ್ಣು ಮುಚ್ಚಿದಳು. ಆಮೇಲೆ ನಿಟ್ಟುಸಿರು ಬಿಟ್ಟು ತನ್ನ ನೀಲಿ ಚೀಲವನ್ನೂ ಒಡ್ಡಿದಳು. "ನನಗೂ ಹಾಕಿ ಅಣ್ಣ. ಬೀಟ್‌ರೂಟ್ ಮಾತ್ರ ಬೇಡ."

"ಅದನ್ನೇ ಹಾಕಿ," ಎಂದರು ಅತ್ತಿಗೆ.

ತೊಳೆದರೆ ಮಣ್ಣು ಹೋಯಿತು, ಬೀಟ್‌ರೂಟಿನ ಕಲೆ ಮಾತ್ರ ಹೋಗಲಿಲ್ಲ. ಮ್ಯಾಚಿಂಗ್ ರಾಣಿ ಸೋಲುತ್ತಾಳೆಯೇ? ಕಲೆಯ ಬಣ್ಣದ್ದೇ ಕ್ಲಿಪ್ಪು ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಆಫೀಸಿಗೆ ಹೋದಳು. ಎಲ್ಲಿ ತಗೊಂಡೆ, ಎಲ್ಲಿ ತಗೊಂಡೆ ಎಂದು ಗೆಳತಿಯರು ಮುತ್ತಿಕೊಂಡರು.

"ನಮ್ಮತ್ತಿಗೆ ಹೊಲಿದದ್ದು. ಮನೇಲಿರೋ ಹಳೇ ಬಟ್ಟೆ ತಂದ್ರೆ ನಿಮಗೂ ಹೊಲಿದುಕೊಡ್ತಾರೆ. ಬೀರುವಲ್ಲಿ ಇಟ್ರೆ ಮಾತ್ರ ಮನೆಗೇ ಬಂದು ಕಿತ್ಕೊಳ್ತಾರೆ, ಹುಷಾರು!"

ಟೈಲರಮ್ಮ ಮನೆ ಮನೆಗೂ ಹೋಗಿ ಬೀರು ತೆರೆಸಿದರು. "ಸಾಮಾನು ಇಳಿಸಿದ ತಕ್ಷಣ ಚೀಲ ಮಡಿಸಿ ಪರ್ಸಿಗೋ ಗಾಡಿಗೋ ಸೇರಿಸಿಬಿಡಿ. ಆಗ ಮರೆಯೋ ಮಾತೇ ಇಲ್ಲ," ಎಂದು ಹೇಳಿ ಹೇಳಿ ಅವರ ಗಂಟಲು ಕಟ್ಟಿತು. ಬೇಡವೆಂದ ಮನೆಗಳಿಗೆ ಮತ್ತೆ ಹೋದರು.

ಅಂಥದೇ ಜೋರು ಮಳೆ ಇನ್ನೊಮ್ಮೆ ಬಂತು. ಕಪಾಟಿನ ಕೆಳಗಿನ ಅರೆಯಲ್ಲಿ ಅದೇ ಮದುವೆ ಹುಡುಗಿಯ ತಂಗಿಯ ಬಟ್ಟೆ ಇತ್ತು. ಆ ತಾಯಿ ಇನ್ನೊಮ್ಮೆ ನಂಬಿ ಕೊಟ್ಟುಹೋಗಿದ್ದರು. ಯಜಮಾನರು ಅದನ್ನು ಮೇಲೆತ್ತಲು ನೆನೆದುಕೊಂಡೇ ಓಡಿಬಂದರು. ಟೈಲರಮ್ಮ ಮೆಷಿನ್ ನಿಲ್ಲಿಸಲಿಲ್ಲ.

"ಹೊರಗೆ ನೋಡಿ ರೀ."

ಬೀದಿಯ ನೀರೆಲ್ಲ ಜಾಲರಿಯೊಳಗೆ ಗಳಗಳನೆ ಇಳಿದುಹೋಗುತ್ತಿತ್ತು. ಹೊಸ್ತಿಲು ಒಣಗಿಯೇ ಇತ್ತು. ಯಜಮಾನರು ಬಾಗಿಲ ಹಿಂದಿದ್ದ ಹಳದಿ ಚೀಲ ಕೈಗೆತ್ತಿಕೊಂಡರು.

"ಮುಚ್ಚೋ ಮಾತು ಇನ್ನು ಎತ್ತಲ್ಲ ಬಿಡು. ಮಳೆ ನಿಂತ ಮೇಲೆ ತರಕಾರಿ ಏನು ತರ್ಲಿ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀರುವಿನಲ್ಲೂ ಒಂದು ಚೆಂದದ ಚೀಲ ಮಡಿಸಿಟ್ಟ ಹಾಗೇ ಇರಬಹುದು. ಎದ್ದು ಹೋಗಿ ನೋಡಿ. ಹೊಸದು ಕೊಳ್ಳಬೇಡಿ, ಅದನ್ನೇ ಹೊರಗೆ ತೆಗೆಯಿರಿ. ಇವತ್ತಿನ ತರಕಾರಿಗೇ ಒಯ್ಯಿರಿ. ಚೀಲಕ್ಕೆ ಮೆತ್ತಿದ ಮಣ್ಣು ತೊಳೆದರೆ ಹೋಗುತ್ತದೆ. ಚರಂಡಿಗೆ ಸಿಕ್ಕಿಕೊಂಡ ಕವರು ಯಾರದೋ ಹೊಸ್ತಿಲಿಗೆ ನೀರು ತರುತ್ತದೆ, ನಾಳೆ ಆ ಹೊಸ್ತಿಲು ನಿಮ್ಮದೇ ಆಗಬಹುದು.