ಗುಡದಪ್ಪನ ಎದೆಯ ಹೊಲಿಗೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುವ ಗುಡದಪ್ಪನಿಗೆ ಸಂಬಳ ಕೊಡುವ ಧಣಿ ಇರಲಿಲ್ಲ. ದಬ್ಬಣ ಆಡಿದ ದಿನ ಒಲೆ ಉರಿಯುತ್ತಿತ್ತು. ಹಾಗಾಗಿ ತೊಂಬತ್ತಾರರಲ್ಲಿ ವಿಮಾ ಏಜೆಂಟ ದಾದಾಪೀರ ಮನೆಗೆ ಬಂದು ಕೂತಾಗ ಅವನು ಕಿವಿಗೊಟ್ಟು ಪಾಲಿಸಿಗೆ ಸಹಿ ಹಾಕಿದ. ಹೆಂಡತಿ ಮೈಲವ್ವ ಮಾತ್ರ ಮುಖ ಸಿಂಡರಿಸಿದಳು. ಎದುರುಮನೆ ಹೊಳಿಯವ್ವನಿಗೆ ವಿಮೆಯ ಹಣ ಬಂದದ್ದನ್ನು ಅವಳು ಕಂಡಿದ್ದಳು: ಮೊದಲು ಗಂಡ ಹೋದ, ಆಮೇಲೆ ಚೆಕ್ಕು ಬಂತು.

"ಇದು ಹಂಗಲ್ಲಕ್ಕಾ. ದೊಡ್ಡ ಬ್ಯಾನಿ ಬಂದ್ರ ಮನುಷ್ಯಾ ಇದ್ದಾಗನ ಕೊಡ್ತಾರ" ಎಂದು ದಾದಾಪೀರ ಹೇಳುವಷ್ಟರಲ್ಲಿ ಅವಳು ಅಡುಗೆಮನೆ ಸೇರಿಯಾಗಿತ್ತು.

ಎರಡನೆಯ ಸುಗ್ಗಿಗೆ ಗುಡದಪ್ಪ ಎದೆ ಹಿಡಿದುಕೊಂಡು ಚೀಲದ ಮೇಲೆಯೇ ಕುಸಿದ. ಹುಬ್ಬಳ್ಳಿಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಮಾರುಕಟ್ಟೆಯ ಅಡತಿ ಸಾಹುಕಾರರು ಕೈಗಡ ಕೊಟ್ಟರು, ತಮ್ಮ ಫಕ್ಕೀರೇಶ ಜೊತೆಗೆ ಹೋದ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಮೈಲವ್ವ ಹೋಗುವಂತಿರಲಿಲ್ಲ.

"ಆಪರೇಶನ್ ಚಲೋ ಆತು ವೈನಿ" ಎಂದು ಫಕ್ಕೀರೇಶ ಸಾಹುಕಾರರ ಅಂಗಡಿಗೆ ಫೋನು ಮಾಡಿದ. ಅಣ್ಣನ ಕೈಗೆ ಕೊಡು ಎಂದು ಮೈಲವ್ವ ಕೇಳಿದರೆ, "ಎದಿ ಇನ್ನೂ ಹಸೀ ಐತಿ, ಮಾತಾಡಬಾರದಂತ" ಎಂದ. ಮೈಲವ್ವನಿಗೆ ಅನುಮಾನ ಹೊಕ್ಕಿತು. ನಮ್ಮ ಕಡೆ ಹೆಂಡತಿಗೆ ಕೆಟ್ಟ ಸುದ್ದಿಯನ್ನು ನೆಟ್ಟಗೆ ಹೇಳಿದವರುಂಟೇ? "ಸ್ವಲ್ಪ ಜಾಸ್ತಿ ಆಗೈತಿ" ಎಂದು ಬಸ್ಸು ಹತ್ತಿಸುತ್ತಾರೆ, ಇಳಿದಾಗ ಮನೆ ಮುಂದೆ ಸಾವಿನ ಹಲಗೆ ಬಡಿಯುತ್ತಿರುತ್ತಾರೆ.

ಕೆಲವು ವಾರ ಕಳೆದರೂ ಡಾಕ್ಟರು ಇನ್ನೂ ಬಿಟ್ಟಿಲ್ಲ ಎಂಬ ಫಕ್ಕೀರೇಶನ ಮಾತೇ ಬರುತ್ತಿತ್ತು. ಹಾಗಿರುವಾಗ ಒಂದು ಮುಂಜಾನೆ ದಾದಾಪೀರ ಮುಖ ಅರಳಿಸಿಕೊಂಡು ಬಂದ. "ಗುಡದಪ್ಪನ ವಿಮಾ ರೊಕ್ಕ ಬಂತಕ್ಕಾ."

ಮೈಲವ್ವ ಕುಸಿದು ಕೂತಳು. ಓಣಿಗೆಲ್ಲ ಕೇಳುವಂತೆ ಒಮ್ಮೆ ಚೀರಿ, ಬಳೆ ಒಡೆಯಲು ಎರಡೂ ಕೈಯನ್ನು ಹೊಸ್ತಿಲ ಮೇಲೆ ಎತ್ತಿದಳು. ಹೊಳಿಯವ್ವ ಎದುರಿನಿಂದ ಓಡಿಬಂದು ಮಣಿಕಟ್ಟು ಹಿಡಿದುಕೊಂಡಳು. ಮಾರುಕಟ್ಟೆಯ ಹಮಾಲರು ಚೀಲ ಇಳಿಸಿ ಬಂದು ತಲೆ ತಗ್ಗಿಸಿ ನಿಂತರು. ದಾದಾಪೀರ "ಅಂವ ಗಟ್ಟಿ ಅದಾನ್ರಿ" ಎಂದು ಎಷ್ಟು ಬಡಕೊಂಡರೂ ಕೇಳುವವರಿಲ್ಲ. ಕೊನೆಗೆ ಆ ಇಬ್ಬರೂ ಹೆಂಗಸರನ್ನು ಎಸ್‌ಟಿಡಿ ಬೂತಿಗೆ ಕರೆದೊಯ್ದು, ಫಕ್ಕೀರೇಶ ತನಗೆ ಕೊಟ್ಟಿದ್ದ ಆಸ್ಪತ್ರೆಯ ನಂಬರು ಹಚ್ಚಿದ. ಹೊಳಿಯವ್ವ ಹಿಡಿದ ಕೈ ಬಿಟ್ಟಿರಲಿಲ್ಲ.

"ನೀವ ಏನ್ರೀ?" ಎಂದು ಮೈಲವ್ವ ಫೋನಿನಲ್ಲಿ ಗಂಡನನ್ನು ಕೇಳಿದಳು.

"ನಾನಲ್ಲದ ಇನ್ಯಾರು? ನನ್ನ ದಬ್ಬಣ ಯಾರಿಗೂ ಕೊಟ್ಟಿಲ್ಲ ಹೌದಿಲ್ಲೋ?"

ಸತ್ತವರು ದಬ್ಬಣ ಕೇಳುವುದಿಲ್ಲ. ಮೈಲವ್ವನಿಗೆ ಅಳು ಒತ್ತರಿಸಿ ಬಂತು. "ಎದಿ ಕೊಯ್ದ್ರಂತಲ್ರೀ."

"ಕೊಯ್ದ್ರು. ಗುಂಡಿಗಿನ ನಿಲ್ಲಿಸಿದ್ರಂತ. ಅಷ್ಟೊತ್ತೂ ಒಂದು ಮಶೀನು ನನ್ನ ರಕ್ತ ಓಡಿಸೇತಿ. ಹೊಲದು, ಮತ್ತ ಚಾಲೂ ಮಾಡ್ಯಾರ." ಅವನ ದನಿ ತಗ್ಗಿತು. "ನಾ ಅಲ್ಲೀತನಕ ಹೋಗಿ ಬಂದೇನಿ, ಮೈಲಾ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಹೊತ್ತಿನಲ್ಲಿ ತಾನು ರೊಟ್ಟಿ ಬಡಿಯುತ್ತಿದ್ದಿರಬೇಕು. ಗಂಡನ ಗುಂಡಿಗೆ ನಿಂತಿತ್ತು, ತನ್ನ ಕೈಯಲ್ಲಿ ಬಳೆಗಳು ಸದ್ದು ಮಾಡುತ್ತಿದ್ದವು, ತನಗೆ ಏನೂ ತಿಳಿದಿರಲಿಲ್ಲ. ಯಾವ ಊರಿನ ಯಾವ ಡಾಕ್ಟರೋ ಅದನ್ನು ಕೈಯಲ್ಲಿ ಹಿಡಿದು ಮತ್ತೆ ನಡೆಸಿದ್ದ. ಮುಖ ಕಾಣದ ಆ ಮನುಷ್ಯನಿಗೆ ಅವಳು ಬೂತಿನಲ್ಲಿಯೇ ಕೈಮುಗಿದಳು.

ದಾದಾಪೀರ ತಂದಿದ್ದ ಚೆಕ್ಕನ್ನು ಅವಳು ಮುಟ್ಟಲಿಲ್ಲ. "ಅವರ ಬಂದು ತಗೊಳ್ಳಲಿ" ಎಂದು ದಾದಾಪೀರನ ಕೈಯಿಂದಲೇ ದೇವರ ಮಾಡದಲ್ಲಿ ಇಡಿಸಿದಳು.

ಗುಡದಪ್ಪ ಬಂದ ದಿನ ಹಮಾಲರು ಮನೆ ತುಂಬಿದರು. ಅವನು ಅಂಗಿ ಬಿಚ್ಚಿ, ಗಂಟಲ ಕೆಳಗಿನಿಂದ ಹೊಟ್ಟೆಯ ತನಕ ಇಳಿದ ಗಾಯದ ಗೆರೆ ತೋರಿಸಿದ. "ಇಷ್ಟು ನಾಜೂಕು ಹೊಲಿಗಿ ನನಗ ಬರಂಗಿಲ್ಲ" ಎಂದ. ಹಿರಿಯ ಹಮಾಲ ಹೇಮಪ್ಪ ರುಮಾಲು ತೆಗೆದು ಬಗಲಲ್ಲಿಟ್ಟುಕೊಂಡ. ಮೈಲವ್ವ ಆ ಗೆರೆಯ ಮೇಲೆ ಬೆರಳಿಟ್ಟಳು, ಅದರ ಕೆಳಗೆ ಗುಂಡಿಗೆ ಬಡಿಯುತ್ತಿತ್ತು. ಆಮೇಲೆ ಗುಡದಪ್ಪ ಮಾಡದಿಂದ ಚೆಕ್ಕನ್ನು ತಾನೇ ಎತ್ತಿಕೊಂಡ.

ಹೊಳಿಯವ್ವ ಬಾಗಿಲಲ್ಲೇ ನಿಂತಿದ್ದಳು. ಅವಳು ಚೆಕ್ಕನ್ನು ನೋಡುತ್ತಿರಲಿಲ್ಲ, ಅದನ್ನು ಹಿಡಿದ ಕೈಯನ್ನು ನೋಡುತ್ತಿದ್ದಳು.

"ತಗೊಳ್ಳಾಕ ಅಂವನ ಬಂದಾನಲ್ಲ" ಎಂದಳು.

ಮೈಲವ್ವ ಹೋಗಿ ಅವಳ ಮಣಿಕಟ್ಟು ಹಿಡಿದು ಒಳಗೆ ಕರೆತಂದಳು.