ಕಪ್ಪೆಬಸ್ಸಿನಲ್ಲಿ ದೊಡ್ಡತ್ತೆ

ನಮ್ಮ ದೊಡ್ಡತ್ತೆ ಯಾರಿಗೆ ದಾರಿ ಹೇಳಿದರೂ ಈಗ ಇಲ್ಲದ ವಸ್ತುಗಳನ್ನೇ ಗುರುತಾಗಿಟ್ಟು ಹೇಳುವರು. ದಾರದಂಗಡಿಯ ಹತ್ತಿರ ಬಲಕ್ಕೆ ತಿರುಗಿ, ಕುದುರೆ ಲಾಯ ದಾಟಿ, ದೋಣಿಕಟ್ಟೆಯ ಇಳಿಜಾರಿಗೆ ಬನ್ನಿ ಎನ್ನುವರು. ದಾರದಂಗಡಿ ಮುಚ್ಚಿ ಒಂದು ತಲೆಮಾರು ಸಂದಿದೆ, ಲಾಯವಿದ್ದಲ್ಲಿ ಬ್ಯಾಂಕು ಬಂದಿದೆ, ದೋಣಿಯಂತೂ ಸೇತುವೆ ಕಟ್ಟಿದ ವರ್ಷವೇ ನಿಂತುಹೋಯಿತು. ಅವರನ್ನು ನಂಬಿ ಹೊರಟ ನೆಂಟರು ಊರೆಲ್ಲ ಸುತ್ತಿ ಬೆವರೊರೆಸಿಕೊಳ್ಳುತ್ತ ಬಂದರೆ, "ನಾನು ಹೇಳಿದ್ದು ಸರಿಯಾಗೇ ಇತ್ತು, ಊರೇ ಆಚೀಚೆ ಆಗಿದೆ" ಎಂದು ನಿರ್ವಿಕಾರವಾಗಿ ನುಡಿಯುವರು. ಮೊಮ್ಮಕ್ಕಳು ಅವರಿಗೆ 'ಹಳೇ ನಕ್ಷೆ' ಎಂದು ಹೆಸರಿಟ್ಟಿದ್ದಾರೆ.

ಕೋಟು ಹೊಲಿಯುವುದು ಅವರ ಕಸುಬು. ಊರವರ ಕೋಟುಗಳೆಲ್ಲ ಮೈಗೆ ಅಂಟಿ ಕೂರುವಂತೆ ಹೊಲಿದ ಈ ಮಹಾತಾಯಿಯ ಸ್ವಂತ ಬೂದು ಕೋಟು ಬಲಭುಜದಲ್ಲಿ ತುಸು ಇಳಿದಿದ್ದು, ನಡೆಯುವಾಗ ಅವರು ಯಾವುದೋ ಮಗುವಿನ ಕೈ ಹಿಡಿದು ಹೋಗುತ್ತಿರುವಂತೆ ಕಾಣುವರು. ಅವರ ಹಠ ಒಂದೇ: ಕೊಟ್ಟ ಕಡೆ ಕೂರುವುದು. ಪ್ರೀತಿಯಿಂದ ಹಾಕಿದ ಕುರ್ಚಿಯನ್ನು ಎಳೆದಾಡಬಾರದೆಂಬುದು ಅವರ ಧರ್ಮ. ಬೆನ್ನಿಗೆ ಒಲೆಯ ಕಾವು ಬಡಿದರೂ ಮಿಸುಕರು.

ಕೋಟೆ, ಗಡಿಯಾರದ ಗೋಪುರ, ಹಳೆಯ ಬೀದಿಗಳನ್ನು ನೋಡಲು ದೂರದೂರದಿಂದ ಜನ ಬಂದರೂ, ತಾವು ಬಟ್ಟೆ ಒಣಹಾಕಿದ ಊರಿನಲ್ಲಿ ನೋಡುವುದೇನಿದೆ ಎಂದು ಮೂಗುಮುರಿಯುತ್ತಿದ್ದವರು, ನೆಲದಲ್ಲೂ ನೀರಿನಲ್ಲೂ ಓಡುವ ಬಸ್ಸು ಬಂದಿದೆಯೆಂದು ತಿಳಿದೊಡನೆ ತಾವೇ ಕೋಟು ತೊಟ್ಟು ನಿಂತರು. ಮಕ್ಕಳು ಅದನ್ನು ಕಪ್ಪೆಬಸ್ಸು ಎನ್ನುವರು. ಮಗನಿಗೆ ಹಿಗ್ಗೋ ಹಿಗ್ಗು. ಅವರು ಹೊರಟ ಕಾರಣ ಗೊತ್ತಿದ್ದದ್ದು ನನಗೊಬ್ಬನಿಗೆ. ಹಿಂದೊಮ್ಮೆ ಕಾಜ ಹೊಲಿಯುತ್ತ ಹೇಳಿದ್ದರು. ಮದುವೆಗೆ ಮುಂಚೆ ಆಚೆದಡದ ಹೊಲಿಗೆಯಂಗಡಿಯಿಂದ ಅವರು ದಿನಾ ಸಂಜೆ ದೋಣಿಯಲ್ಲಿ ಮರಳುವಾಗ, ಮನೆಯ ಹಿಂಬದಿಯ ಕಿಟಕಿಯಲ್ಲಿ ತಾಯಿ ನಿಂತಿರುತ್ತಿದ್ದಳಂತೆ. ಮಗಳು ನಡುನೀರಿನಿಂದ ಕೈಬೀಸಿದ ಮೇಲೆಯೇ ಒಳಗೆ ಹೋಗುತ್ತಿದ್ದಳಂತೆ. ತಾಯಿ ಹೋಗಿ ಯಾವ ಕಾಲವಾಯಿತು. ಮನೆ ಯಾರದೋ ಆಯಿತು. ಆ ಕಿಟಕಿ ಕಾಣುವುದು ನದಿಯಿಂದ ಮಾತ್ರ. ಸಾಯುವುದರೊಳಗೆ ಅದನ್ನೊಮ್ಮೆ ನೀರಿನ ಮೇಲಿಂದ ನೋಡಬೇಕೆಂಬುದೊಂದೇ ಅವರ ಆಸೆ.

ಮಗ ಓಡಿಹೋಗಿ, ಜನರನ್ನು ತಳ್ಳಿಕೊಂಡು, ಎಡಗಡೆಯ ನೆರಳಿನ ಸೀಟು ಹಿಡಿದು ತಾಯಿಯನ್ನು ಕೂರಿಸಿದ. ನಾನು ಅವರ ಹಿಂದೆ ಕುಳಿತೆ, ಸೊಸೆಗೆ ಸಿಕ್ಕಿದ್ದು ಬಲಗಡೆಯ ಸೀಟು. ಯಾವ ದಡ ಯಾವ ಕಡೆ ಬರುವುದೆಂದು ನಮಗ್ಯಾರಿಗೂ ತಿಳಿಯದು. ಬಸ್ಸು ಬೀದಿಗಳನ್ನೆಲ್ಲ ಸುತ್ತಿ, ಹೊಸ ಇಳಿಜಾರಿನಲ್ಲಿ ಧುಮುಕಿ, ನೀರಿನಲ್ಲೇ ಮಗ್ಗುಲಿಗೆ ತಿರುಗಿತು. ಆ ಕಿಟಕಿಯಿದ್ದ ಹಳೆಯ ದಡ ಬಲಕ್ಕೆ ಹೋಯಿತು. ದೊಡ್ಡತ್ತೆಯ ಎದುರು ಉಳಿದದ್ದು ಆಚೆದಡದ ಗೋದಾಮುಗಳು. ಬಲಕ್ಕೆ ತಿರುಗಿದರೆ ತಲೆಗಳು, ಬಿಸಿಲಿಗೆ ಬಿಚ್ಚಿದ ಕೊಡೆಗಳು, ಎತ್ತಿಹಿಡಿದ ಫೋನುಗಳು. ಜನ್ಮದಲ್ಲಿ ಮೊದಲ ಬಾರಿಗೆ ಅವರು ಕೊಟ್ಟ ಜಾಗದಿಂದ ಎದ್ದರು. ನೀರಿನಲ್ಲಿರುವಾಗ ಯಾರೂ ನಿಲ್ಲಬಾರದೆಂದು ಮೈಕಿನವಳು ಗದರಿದಳು. ಮಗ ಭುಜ ಒತ್ತಿ ಕೂರಿಸಿ, ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಹೆದರಬೇಡಮ್ಮ, ನಾನಿದ್ದೀನಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡತ್ತೆ ಹಿಂದೆ ತಿರುಗಿ ನನ್ನತ್ತ ನೋಡಿ, ಬೇಡವೆಂದು ತಲೆಯಾಡಿಸಿದರು. ಆಮೇಲೆ ದಡ ಸೇರುವವರೆಗೂ ಗೋದಾಮುಗಳನ್ನೇ ನೋಡುತ್ತ ಕುಳಿತರು. ಬಸ್ಸು ಬಂದ ದಾರಿಯಲ್ಲಿ ಮರಳಲಿಲ್ಲ, ಕೆಳಗಿನ ಇನ್ನೊಂದು ಕಟ್ಟೆಯಲ್ಲಿ ನೆಲ ಹತ್ತಿತು.

ಇಳಿದಮೇಲೆ ಸೊಸೆ ಗೊಣಗಿದಳು. ಬಲಗಡೆ ಕೂತು ಬಿಸಿಲಿಗೆ ಮುಖ ಸುಟ್ಟುಹೋಯಿತಂತೆ, ಕಂಡದ್ದು ಬರೀ ಮನೆಗಳ ಹಿತ್ತಿಲಂತೆ. "ಒಂದು ಕಿಟಕೀಲಿ ಯಾರೋ ಹೆಂಗಸು ನಿಂತಿದ್ರು, ಅತ್ತೆ. ನಾವು ದಾಟೋವರೆಗೂ ನೋಡ್ತಾನೇ ಇದ್ರು."

ದೊಡ್ಡತ್ತೆ ನಡೆಯುವುದನ್ನು ನಿಲ್ಲಿಸಿದರು.

"ಕೈ ಬೀಸಿದ್ಯಾ?"

"ಇಲ್ಲಪ್ಪ. ಯಾರೋ ಏನೋ."

"ಬೀಸಬೇಕಿತ್ತು ಕಣೆ," ಎಂದರು ದೊಡ್ಡತ್ತೆ, "ಅಷ್ಟು ಹೊತ್ತು ನಿಂತಿದ್ದಳಲ್ಲ."

ಇಂಥವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ತಮಗೆ ಬೇಕಾದದ್ದನ್ನು ಕೇಳಿದರೆ ಕೊಟ್ಟವರ ಪ್ರೀತಿಗೆ ಊನವಾದೀತೆಂದು ಅಂಜುವರು. ನಾವು ಅವರ ಹಂಬಲವನ್ನು ಭಯವೆಂದು ತಿಳಿದು ಸಾಂತ್ವನ ಹೇಳುವೆವು. ನೆರಳಿನಲ್ಲಿ ಕೂರಿಸಿದೆವೆಂಬ ತೃಪ್ತಿ ನಮಗೆ. ಅವರಿಗೆ ಬೇಕಾಗಿದ್ದದ್ದು ಬಿಸಿಲಿನ ಕಡೆಯ ಸೀಟು.