ಟವರ್ ಕಾಣುವಷ್ಟು ದಿನ

"ಎಪ್ಪತ್ತೆಂಟು!" ಎಂದ ಇಂಟರ್ನೆಟ್ ಕಂಪನಿಯವನು, ಪರೀಕ್ಷೆ ಬರೆದು ತಾನೇ ಪಾಸಾದವನ ಹಾಗೆ. ಕೈಯಲ್ಲಿದ್ದ ಮೀಟರನ್ನು ಅಕ್ಕನ ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಹಣೆ ಒರೆಸಿಕೊಂಡು, ಯಾರೂ ಹೇಳದಿದ್ದರೂ ಕುರ್ಚಿ ಎಳೆದು ಕೂತ. "ಸಿಗ್ನಲ್ ನೂರಕ್ಕೆ ಎಪ್ಪತ್ತೆಂಟು, ಮೇಡಂ. ಈ ಸಾಲಲ್ಲಿ ಯಾರ ಮನೇಲೂ ಇಷ್ಟು ಬಂದಿಲ್ಲ. ನಿಮ್ಮ ಮಹಡಿ ಮೇಲಿಂದ ಟವರ್ ಅಂಗೈಲಿಟ್ಟ ಹಾಗೆ ಕಾಣುತ್ತೆ. ಡಿಶ್ಶು ಗಿಶ್ಶು ಎಲ್ಲ ಮರೆತುಬಿಡಿ."

ಅವಳ ತಮ್ಮ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಿಕೊಂಡು ಬಂದು ಮೀಟರಿನೊಳಗೆ ಬಗ್ಗಿ ನೋಡಿದ. "ಪಿಂಗ್ ಎಷ್ಟು?"

"ಮೂವತ್ತರೊಳಗೆ."

"ಅಕ್ಕಾ, ಮೂವತ್ತರೊಳಗೆ!"

ಅಕ್ಕನಿಗೆ ಈಗ ಪಿಂಗ್ ಎಂದರೇನೆಂದು ಗೊತ್ತಿತ್ತು. ಗೊತ್ತಾಗದೆ ಏನು ಮಾಡೀತು, ಒಂದು ವಾರದಿಂದ ಊಟಕ್ಕೆ ಕೂತಾಗಲೆಲ್ಲ ಅದೇ ಪಾಠ. ಇಡೀ ದಿನ ಕಾರ್ಖಾನೆಯಲ್ಲಿ ಸಮವಸ್ತ್ರದ ಅಂಗಿಗೆ ಎಡತೋಳು ಕೂರಿಸಿ, ಬರೀ ಎಡತೋಳು, ಬಲತೋಳು ಪಕ್ಕದ ಸಾಲಿನವಳದು, ಮನೆಗೆ ಬಂದರೆ ತಮ್ಮ ಸೌಟು ಚಮಚ ಇಟ್ಟುಕೊಂಡು ಆಕಾಶ ತೋರಿಸುತ್ತಿದ್ದ. ಡಿಶ್ ಎಲ್ಲಿ ಬೇಕಾದರೂ ಕೆಲಸ ಮಾಡುತ್ತದೆ, ಆದರೆ ಡಿಶ್ ಕಂಪನಿಯ ಉಪಗ್ರಹ ಎಲ್ಲೋ ಮೇಲಿದೆ. ಮಾತು ಅಲ್ಲಿಗೆ ಹೋಗಿ ಇಳಿದು ಬರುವಷ್ಟರಲ್ಲಿ ಅರ್ಧ ಕ್ಷಣ ಕಳೆದಿರುತ್ತದೆ, ಆ ಹೊತ್ತೇ ಪಿಂಗ್. "ಅರ್ಧ ಕ್ಷಣ ಅಂದ್ರೆ ನಿಂಗೆ ಏನೂ ಅಲ್ಲ, ಅಕ್ಕ. ಆಟದಲ್ಲಿ ನಾನು ಟ್ರಿಗರ್ ಒತ್ತೋ ಹೊತ್ತಿಗೆ ಅವನು ನನ್ನನ್ನ ಮಲಗಿಸಿ ಊಟ ಮಾಡ್ಕೊಂಡು ಬಂದಿರ್ತಾನೆ." ಆಂಟೆನಾ ಹಾಗಲ್ಲ. ಗುಡ್ಡದ ಮೇಲಿನ ಟವರಿಗೂ ಮನೆಗೂ ನೇರ ಗೆರೆ ಎಳೆದ ಹಾಗೆ. ನಡುವೆ ಏನೂ ಅಡ್ಡ ಇರಬಾರದು, ಅಷ್ಟೇ.

ಅಕ್ಕ ಕಿಟಕಿಯ ಆಚೆ ನೋಡಿದಳು. ಕಾಲುವೆಯ ಏರಿ ಮೇಲೆ ಸಾಲಾಗಿ ಒಂಬತ್ತು ಮರಗಳು. ಒಂದರಲ್ಲೂ ಒಂದು ಎಲೆಯಿಲ್ಲ. ಕಡ್ಡಿಗಳ ನಡುವೆ ಟವರು ನಿಜವಾಗಿಯೂ ಅಂಗೈಲಿಟ್ಟ ಹಾಗೇ ಕಾಣುತ್ತಿತ್ತು.

ಕಂಪನಿಯವನು ಪಟ್ಟಣದವನು, ಇವತ್ತು ಇಲ್ಲಿ ನಾಳೆ ಇನ್ನೆಲ್ಲೋ. ತಮ್ಮ ಈ ಮನೆಗೆ ಬಂದದ್ದು ಎಲೆ ಉದುರಿ ಮುಗಿದ ಮೇಲೆ. ಅವಳು ಮಾತ್ರ ಹನ್ನೊಂದು ವರ್ಷದಿಂದ ಇದೇ ಕಿಟಕಿಯಲ್ಲಿ ನಿಂತು ಹಲ್ಲುಜ್ಜಿದವಳು. ಇನ್ನು ಎರಡು ತಿಂಗಳಿಗೆ ಆ ಮರಗಳು ಗುಡ್ಡವನ್ನೇ ನುಂಗಿಬಿಡುತ್ತವೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಡಿಯೋಣವೆಂದರೆ ಅವು ನೀರಾವರಿಯವರ ಮರಗಳು, ಕೊಂಬೆ ಮುಟ್ಟಿದರೂ ನೋಟಿಸು.

ಹೇಳಬೇಕೆಂದು ಬಾಯಿ ತೆರೆದಳು. ಆಗ ತಮ್ಮನ ಮುಖ ಕಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಮುಖದಲ್ಲಿ ನಗು ಮೂಡಿದ್ದು ಅದೇ ಮೊದಲು. ನಕ್ಕಿದ್ದು ಮೀಟರನ್ನು ನೋಡಿ, ತನ್ನನ್ನಲ್ಲ ಎಂದು ಅವಳಿಗೆ ಚುರುಕ್ಕೆಂದಿತು, ಆದರೂ ನಗು ನಗುವೇ. ಇನ್ನೊಂದು ವಾದ, ಇನ್ನೊಂದು ಸಪ್ಪೆ ಮೋರೆ, ಇನ್ನೊಂದು ವಾರ ಗೋಡೆ ನೋಡಿಕೊಂಡು ಕೂರುವ ತಮ್ಮ, ಇದನ್ನೆಲ್ಲ ಹೊರುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ನಡುವೆ ಏನೂ ಅಡ್ಡ ಇಲ್ಲ ತಾನೇ, ಅಕ್ಕ?" ಎಂದ ತಮ್ಮ.

"ಏನೂ ಇಲ್ಲ," ಎಂದಳು ಅಕ್ಕ. ಒಂದು ವರ್ಷದ ಕರಾರಿಗೆ ರುಜು ಹಾಕಿದಳು.

ಆ ಎರಡು ತಿಂಗಳು ಮನೆಗೆ ಜೀವ ಬಂತು, ಅದನ್ನು ಇಲ್ಲವೆನ್ನುವಂತಿಲ್ಲ. ಆಟದ ತಂಡಕ್ಕೆ ತಮ್ಮನೇ ಕ್ಯಾಪ್ಟನ್. ಅವನ ಕೈಕೆಳಗೆ ಮೂವರು, ಆಟದ ಹೆಸರುಗಳಲ್ಲೇ ಪರಿಚಯ: ಗೂಬೆ, ಬಾಣಲೆ, ಡಾಕ್ಟರ್. ಡಾಕ್ಟರ್ ಎಂದರೆ ಡಾಕ್ಟರಲ್ಲ, ಯಾವುದೋ ಊರಿನಲ್ಲಿ ಲಾರಿಗೆ ಬಣ್ಣ ಹೊಡೆಯುವವನು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಕ್ಯಾಪ್ಟನ್ನಿಗೆ ಕಾಲಿಲ್ಲದಂತಾಗಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಅವನ ಧ್ವನಿ ಮಾತ್ರ. "ಬಾಣಲೆ, ಎಡಕ್ಕೆ. ಇನ್ನೂ ಎಡಕ್ಕೆ. ನಿಲ್ಲು. ಗೋಡೆ ಹಿಂದೆ ಇಬ್ಬರಿದ್ದಾರೆ, ತಲೆ ಎತ್ತಬೇಡ." ಸಾರಿಗೆ ಒಗ್ಗರಣೆ ಹಾಕುತ್ತ ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷ ಕ್ರೇನ್ ನಡೆಸಿದವನ ಧ್ವನಿ ಅದು, ಅವಸರವಿಲ್ಲ, ಅನುಮಾನವಿಲ್ಲ. ಅವನು ಮತ್ತೆ ಗಡ್ಡ ಬೋಳಿಸಿಕೊಳ್ಳತೊಡಗಿದ. ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ರೇಗಿದ. ಅಕ್ಕನಿಗೆ ಅಳು ಬರುವಷ್ಟು ಖುಷಿಯಾಯಿತು.

ಆದರೆ ಬೆಳಗ್ಗೆ ಬಸ್ಸಿಗೆ ಹೋಗುವಾಗ ಅವಳು ತಲೆಯೆತ್ತಿ ಆ ಮರಗಳನ್ನು ನೋಡದೆ ಹೋಗುತ್ತಿರಲಿಲ್ಲ. ಮೊದಲು ತುದಿಯಲ್ಲಿ ಗಂಟುಗಂಟಾಗಿ ಏನೋ ಕಂಡಿತು. ಆಮೇಲೆ ಎಳೆಕೆಂಪು. ಊರಿಗೆಲ್ಲ ಚಿಗುರು ಚೆಂದ, ಅವಳಿಗೆ ಮಾತ್ರ ಗಡುವು. ಇನ್ನಾದರೂ ಹೇಳಿಬಿಡಬೇಕು ಎಂದುಕೊಳ್ಳುವಳು, ಸಂಜೆ ಬಂದರೆ ಒಳಗಿನಿಂದ "ಡಾಕ್ಟರೇ, ಭೇಷ್!" ಎಂಬ ಕೂಗು. ನಾಳೆ ಹೇಳಿದರಾಯಿತು ಎಂದು ಚಪ್ಪಲಿ ಬಿಡುವಳು. ನಾಳೆಗಳೇನು, ಬೇಕಾದಷ್ಟಿದ್ದವು.

ಎಲೆ ಬಲಿತ ಹಾಗೆ ಆಟ ತಡವರಿಸತೊಡಗಿತು. ಮೊದಲು ಗಾಳಿ ಬೀಸಿದಾಗ ಮಾತ್ರ, ಆಮೇಲೆ ಸುಮ್ಮಸುಮ್ಮನೆ. ಆಂಟೆನಾದ ಪೆಟ್ಟಿಗೆಯನ್ನು ತಮ್ಮ ಬಿಚ್ಚಿ ಒರೆಸಿದ, ವಯರು ಬದಲಿಸಿದ, ಕಂಪನಿಯವರ ಜನ್ಮ ಜಾಲಾಡಿದ. ಅಕ್ಕನೂ ಕಂಪನಿಯವರನ್ನು ಬೈದಳು. ಬೈಯುವಾಗ ಅವನ ಕಡೆ ತಿರುಗದೆ ಪಾತ್ರೆ ತಿಕ್ಕುತ್ತಿದ್ದಳು.

ಒಂದು ಬುಧವಾರ ಅವಳು ಕೆಲಸದಿಂದ ಬಂದಾಗ ಮನೆ ಸದ್ದಿಲ್ಲದೆ ಇತ್ತು. ತಮ್ಮ ಕಿಟಕಿಯ ಬಳಿ ಕೂತಿದ್ದ. ಸೆಮಿಫೈನಲ್ಲನ್ನು ಹೇಗೋ ಗೆದ್ದರಂತೆ, ಕೊನೆಯ ಹತ್ತು ನಿಮಿಷ ಅವನಿಲ್ಲದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಫೈನಲ್. ಇನ್ನೊಂದು ಸಲ ನಡುವೆ ಬಿಟ್ಟುಹೋದರೆ ಬೇರೆ ಕ್ಯಾಪ್ಟನ್ ನೋಡಿಕೊಳ್ಳಬೇಕಾಗುತ್ತದೆ ಎಂದು ಗೂಬೆ ಬಹಳ ಮರ್ಯಾದೆಯಿಂದ ಹೇಳಿದ್ದ. ಸಿಟ್ಟಿನಲ್ಲಿ ಕಂಪನಿಗೆ ಫೋನು ಮಾಡಿದರೆ, ಅಲ್ಲಿದ್ದ ಹೆಂಗಸು ಒಂದೇ ಪ್ರಶ್ನೆ ಕೇಳಿದ್ದಳು.

"ಅಕ್ಕ, ಈ ಮರಗಳಿಗೆ ಪ್ರತಿ ವರ್ಷ ಎಲೆ ಬರುತ್ತಾ?" ಎಂದ ತಮ್ಮ.

"ಬರುತ್ತೆ."

"ಟವರ್ ಮುಚ್ಚೋಷ್ಟು?"

"ಹೂಂ."

"ಅವತ್ತು ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ನಾಲಿಗೆ ತುದಿಗೇ ಬಂದಿತ್ತು ಆ ಮಾತು. ಆದರೆ ಅವಳಿಗೆ ಸಾಕಾಗಿಹೋಗಿತ್ತು. "ಗೊತ್ತಿತ್ತು ಕಣೋ," ಎಂದಳು.

ತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ಅವನೂ ಹಿಂಗೇ ಅಂದಿದ್ದ," ಎಂದ ಮೆತ್ತಗೆ. "ನೆಲ ಗಟ್ಟಿ ಇದೆಯಾ ಅಂತ ಕೇಳ್ದೆ. ಗಟ್ಟಿ ಇದೆ ಅಂದ."

ಅವನು ಯಾರೆಂದು ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ಕ್ರೇನಿನವನು ಮೇಲೆ ಕ್ಯಾಬಿನ್ನಿನಲ್ಲಿ ಕೂತಿರುತ್ತಾನೆ, ಕ್ರೇನು ಕಾಲೂರುವ ಜಾಗ ಅವನಿಗೆ ಕಾಣದು. ಅದನ್ನು ನೋಡಿ ಹೇಳಲೆಂದೇ ಕೆಳಗೊಬ್ಬ ವಾಕಿಟಾಕಿ ಹಿಡಿದು ನಿಂತಿರುತ್ತಾನೆ. ಅವತ್ತು ಆ ಪುಣ್ಯಾತ್ಮ ಚಹಾ ಕುಡಿಯುತ್ತ ಕೂತಲ್ಲಿಂದಲೇ ಹೇಳಿದ್ದ. ಹೊಸದಾಗಿ ಮುಚ್ಚಿದ ಗುಂಡಿ, ಕ್ರೇನು ಮಗುಚಿಕೊಂಡಿತ್ತು.

"ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ," ಎಂದಳು ಅಕ್ಕ.

"ಎಲ್ಲರೂ ನನ್ನ ಮುಖ ನೋಡೇ ಹೇಳ್ತಾರೆ, ಅಕ್ಕ. ಆಸ್ಪತ್ರೆ ಡಾಕ್ಟ್ರು ಆರು ತಿಂಗಳಲ್ಲಿ ನಡೀತೀಯ ಅಂದ್ರು. ಯಾರಾದ್ರೂ ಒಬ್ಬರು ನೆಲ ನೋಡಿ ಹೇಳಿ."

ಗುರುವಾರ, ಶುಕ್ರವಾರ ಅವನ ಬಾಯಿಂದ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ. ಕಾರ್ಖಾನೆಯಲ್ಲಿ ಅಕ್ಕ ಎಂಟು ಎಡತೋಳುಗಳನ್ನು ಒಳಮೈ ಹೊರಗೆ ಮಾಡಿ ಕೂರಿಸಿ ಮೇಲ್ವಿಚಾರಕಿಯ ಕೈಲಿ ಬೈಸಿಕೊಂಡಳು. ಬೈಗುಳ ಕಿವಿಗೆ ಬೀಳಲೇ ಇಲ್ಲ. ಅವಳ ತಲೆಯಲ್ಲಿ ಇದ್ದದ್ದು ನೆರೆಯ ಕಾಂಪೌಂಡರನ ಮನೆಯ ಮಾಳಿಗೆ. ಅದು ಮರಗಳ ಸಾಲು ಮುಗಿದ ಮೇಲಿರುವ ಮೊದಲ ಮನೆ. ಅಲ್ಲಿ ಆಂಟೆನಾ ನಿಲ್ಲಿಸಿ, ಬೇಲಿಗುಂಟ ವಯರು ಎಳೆದರೆ ಮರಗಳ ಹಂಗೇ ಇಲ್ಲ. ತೊಂದರೆ ಒಂದೇ: ಕಾಂಪೌಂಡರನ ಜೊತೆ ಅವಳು ಮಾತು ಬಿಟ್ಟು ನಾಲ್ಕು ವರ್ಷ. ಅವಳ ಮನೆಯ ಬಾವಿಯ ಮೋಟರು ಕಾಣೆಯಾದಾಗ ಹತ್ತು ಜನರ ಎದುರು ಅವನನ್ನು ಕಳ್ಳ ಎಂದಿದ್ದಳು. ಮೋಟರನ್ನು ಅವಳ ಅಮ್ಮನೇ ರಿಪೇರಿಗೆ ಕೊಟ್ಟು ಮರೆತಿದ್ದಳೆಂದು ವಾರದ ನಂತರ ತಿಳಿಯಿತು. ಅವಳು ಹೋಗಿ ತಪ್ಪಾಯಿತು ಎನ್ನಲಿಲ್ಲ. ಒಂದು ದಿನ ತಡವಾಯಿತು, ಆಮೇಲೆ ಇನ್ನೊಂದು, ಆಮೇಲೆ ಅಮ್ಮನೇ ತೀರಿಹೋದಳು.

ಶನಿವಾರ ಅರ್ಧ ದಿನದ ಕೆಲಸ. ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅವನ ಅಂಗಳಕ್ಕೆ ಹೋದಳು. ಕಾಂಪೌಂಡರ್ ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಮೋಟರ್ ವಿಷಯ," ಎಂದಳು. "ನೀವು ತಗೊಂಡಿರಲಿಲ್ಲ. ನಂಗೆ ಆವಾಗಲೇ ಗೊತ್ತಾಯ್ತು. ಬಂದು ಹೇಳ್ಲಿಲ್ಲ. ತಪ್ಪಾಯ್ತು."

ಅವನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಈಗ ಏನು ಬೇಕಾಗಿತ್ತು?"

ಹೇಳಿದಳು. ಅವನು ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿದ. ಆಮೇಲೆ, "ನನ್ನ ಕಾಲಿಗೆ ಹತ್ತೋಕಾಗಲ್ಲ. ಏಣಿ ಹಿಂದುಗಡೆ ಇದೆ, ನೀವೇ ಹತ್ತಿ ನೋಡ್ಕೊಳ್ಳಿ," ಎಂದ. ಒಳಗೆ ಹೋಗುತ್ತ, "ನಾಲ್ಕು ವರ್ಷ ಬೇಕಾಯ್ತಾ, ತಾಯಿ, ಇಷ್ಟು ಹೇಳೋಕೆ?" ಎಂದೂ ಸೇರಿಸಿದ.

ಮನೆಗೆ ಹೋಗಿ ತಮ್ಮನಿಗೆ ವಿಷಯ ಹೇಳಿದಳು. ಅವನು ಕುರ್ಚಿಯ ಬ್ರೇಕು ತೆಗೆದ. ಕಲ್ಲುದಾರಿಯಲ್ಲಿ ಅವನನ್ನು ತಳ್ಳಿಕೊಂಡು ಬಂದು ಕಾಂಪೌಂಡರನ ಹಿತ್ತಲಲ್ಲಿ ನಿಲ್ಲಿಸಿದಾಗ ಅವಳ ರವಿಕೆ ಬೆನ್ನಿಗೆ ಅಂಟಿತ್ತು. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ನಲವತ್ತೈದು ದಾಟಿದ ಮೇಲೆ ಮಾಡುವ ಕೆಲಸವಲ್ಲ ಇದು ಎಂದು ಮಂಡಿ ಹೇಳಿತು.

ಮಾಳಿಗೆಯ ಮೇಲೆ ನಿಂತು ಗುಡ್ಡದ ಕಡೆ ತಿರುಗಿದಳು. ಮರಗಳು ಪಕ್ಕಕ್ಕೆ ಉಳಿದಿದ್ದವು, ನಿಜ. ಆದರೆ ಎದುರಿಗೆ, ಹೋದ ವರ್ಷ ಎದ್ದ ದವಸದ ಉಗ್ರಾಣ, ಅದರ ತಗಡಿನ ಮಾಡು. ತುದಿಗಾಲಲ್ಲಿ ನಿಂತರೆ ಮಾಡಿನ ಮೇಲೆ ಟವರಿನ ಕೆಂಪು ತುದಿ ಬೆರಳಷ್ಟು ಕಾಣುತ್ತಿತ್ತು.

"ಟವರ್ ಕಾಣ್ತಾ?" ಕೆಳಗಿನಿಂದ ತಮ್ಮ ಕೂಗಿದ. ಮೂರು ದಿನದ ಮೇಲೆ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ.

ಕಾಣುತ್ತದೆ ಎಂದರೆ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಾಳೆಯವರೆಗಾದರೂ ಅವನು ನಗುತ್ತಿದ್ದ. ಅವಳು ಮಾಳಿಗೆಯ ಈ ಕೊನೆಯಿಂದ ಆ ಕೊನೆಗೂ ನಡೆದು ನೋಡಿದಳು. ಬಗ್ಗಿ ನೋಡಿದರೆ ಅವನು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ.

"ತುದಿ ಮಾತ್ರ. ಬೆರಳಷ್ಟು," ಎಂದಳು. "ಮಿಕ್ಕಿದ್ದೆಲ್ಲ ಉಗ್ರಾಣದ ಹಿಂದೆ. ಇದು ಆಗಲ್ಲ ಕಣೋ."

"ಸರಿಯಾಗಿ ನೋಡಿದ್ಯಾ?"

"ಈ ಕೊನೆಯಿಂದ ಆ ಕೊನೆಗೂ ಹೋಗಿ ನೋಡ್ದೆ. ಆಗಲ್ಲ."

ಅವನು ತಲೆ ತಗ್ಗಿಸಿದ. ಅಕ್ಕ ಮಾಳಿಗೆಯ ಅಂಚಿನಲ್ಲೇ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಗೂಬೆ, ನಾಳೆ ನಾನಿಲ್ಲ. ಡಾಕ್ಟರ್‌ನ ಕ್ಯಾಪ್ಟನ್ ಮಾಡ್ಕೊಳ್ಳಿ... ಇಲ್ಲ, ಕರೆಂಟಿನ ತೊಂದರೆ ಅಲ್ಲ. ನಾನಿರೋ ಜಾಗದಿಂದ ಆಗಲ್ಲ... ಬೇರೆ ಕಡೆ ಹೋಗಿ ಆಡೋಕಾಗಲ್ಲ ಮಾರಾಯ, ನಾನು ಗಾಲಿಕುರ್ಚೀಲಿರೋನು." ಆಮೇಲೆ ಬಹಳ ಹೊತ್ತು ಅವನು ಬರೀ ಕೇಳಿಸಿಕೊಂಡ. ಕೊನೆಗೆ, "ಹೂಂ. ವರ್ಷ ಆಗ್ತಾ ಬಂತು," ಎಂದ.

ಫೋನನ್ನು ತೊಡೆಯ ಮೇಲಿಟ್ಟು ಕುರ್ಚಿಯನ್ನು ಏಣಿಯ ಬುಡಕ್ಕೆ ತಂದ. ಎರಡೂ ಕೈಯಲ್ಲಿ ಏಣಿಯನ್ನು ಒತ್ತಿ ಹಿಡಿದ.

"ಡಿಶ್ಶೇ ಹಾಕಿಸೋಣ ಬಿಡು," ಎಂದ. "ಚದುರಂಗ ಕಲೀತೀನಿ. ಅದ್ರಲ್ಲಿ ಎದುರಿನವನು ಕಾಯ್ತಾನೆ. ಇಳಿ ಈಗ."

ಅವಳು ಗೋಡೆಗೆ ಮುಖ ಮಾಡಿ ಅಂಚಿನಿಂದ ಒಂದು ಕಾಲು ಕೆಳಗೆ ಬಿಟ್ಟಳು. ಮೆಟ್ಟಿಲು ಸಿಗಲಿಲ್ಲ. ಸೀರೆ ಅಡ್ಡವಾಗಿ ಏನೂ ಕಾಣದು.

"ಕೆಳಗೆ ನೋಡ್ಬೇಡ, ನಾನು ಹೇಳ್ತೀನಿ," ಎಂದ ತಮ್ಮ. "ಎಡಗಾಲು. ಇನ್ನೂ ಕೆಳಗೆ. ಇನ್ನೊಂದು ಗೇಣು. ಹಾಂ, ಅಲ್ಲೇ. ಭಾರ ಬಿಡು."

ಅಕ್ಕ ಕಣ್ಣು ಮುಚ್ಚಿ ಭಾರ ಬಿಟ್ಟಳು.